ನೋಟಿಸ್ ಬೋರ್ಡ್‌ನಲ್ಲೇ ಉಳಿದ ಮಾಹಿತಿ: ಊರಿನ ಕೆಲಸಕ್ಕೆ ಮೈಕು, ಮೊಬೈಲು, ರೇಡಿಯೋ ಬಳಸೋದು ಹೇಗೆ?

ಕಳೆದ ವರ್ಷ ಬೇಸಿಗೆ ಕೊನೆಯಲ್ಲಿ ನಮ್ಮೂರಿನ ಕುಡಿಯುವ ನೀರಿನ ಪೈಪ್ ಒಡೆದು ಚರಂಡಿ ನೀರು ಸೇರಿಕೊಂಡಿತ್ತು. ಪಂಚಾಯಿತಿಯವರು ಸುಮ್ಮನೆ ಕೂತಿರಲಿಲ್ಲ. 'ಮೂರು ದಿನ ನಲ್ಲಿ ನೀರನ್ನು ಕಾಯಿಸಿ ಆರಿಸಿ ಕುಡಿಯತಕ್ಕದ್ದು' ಅಂತ ಒಂದು ಹಾಳೆ ಟೈಪ್ ಮಾಡಿಸಿ, ಸೀಲ್ ಹಾಕಿ, ಕಚೇರಿಯ ನೋಟಿಸ್ ಬೋರ್ಡ್‌ಗೆ ಅಂಟಿಸಿದ್ದರು. ಕಚೇರಿ ಇರೋದು ನಮ್ಮೂರಿಂದ ಮೂರು ಕಿಲೋಮೀಟರ್ ಆಚೆ.

ನಾಲ್ಕನೇ ದಿನ ನಮ್ಮ ಅಕ್ಕನ ಮಗನಿಗೆ ವಾಂತಿ ಭೇದಿ. ನಾಲ್ಕು ವರ್ಷದ ಮಗು. ಎರಡು ದಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿದೆವು. ನಮ್ಮ ಬೀದಿಯಲ್ಲೇ ಇನ್ನೂ ನಾಲ್ಕೈದು ಮನೆಯ ಮಕ್ಕಳು ಮಲಗಿದ್ದರು. ನಾನು ಕೋಪದಲ್ಲಿ ಪಂಚಾಯಿತಿಗೆ ಹೋಗಿ ಕೇಳಿದರೆ, "ನೋಟಿಸ್ ಹಾಕಿದ್ವಲ್ಲಪ್ಪ, ನೋಡ್ಕೋಬೇಕಿತ್ತು" ಅಂದರು. ಬೋರ್ಡ್ ನೋಡಿದೆ. ಹೌದು, ಹಾಕಿದ್ದರು. ದಾಖಲೆ ಪ್ರಕಾರ ಅವರ ಮಾತು ಸರಿ.

ನಾಚಿಕೆ ಆಗಿದ್ದು ಇನ್ನೊಂದಕ್ಕೆ. ನಾನು ಸುದ್ದಿ ಬರೆಯುವವನು. ನನ್ನ ಮೊಬೈಲ್‌ನಲ್ಲಿ ಊರಿಗೆ ಸಂಬಂಧಪಟ್ಟ ವಾಟ್ಸಾಪ್ ಗುಂಪುಗಳೇ ಹನ್ನೊಂದು ಇವೆ. ಆ ಮೂರು ದಿನದ ಮೆಸೇಜ್ ಎಲ್ಲ ತಿರುಗಿ ನೋಡಿದೆ. ಗುಡ್ ಮಾರ್ನಿಂಗ್ ಇತ್ತು, ಹುಟ್ಟುಹಬ್ಬದ ಬ್ಯಾನರ್ ಇತ್ತು, ಯಾವುದೋ ರಾಜ್ಯದ ಅಪಘಾತದ ವಿಡಿಯೋ ಇತ್ತು. ನಮ್ಮೂರ ನೀರಿನ ವಿಷಯ ಒಂದು ಸಾಲೂ ಇರಲಿಲ್ಲ.

ಅವತ್ತಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಇಷ್ಟೆಲ್ಲ ಮೊಬೈಲ್ ಇದ್ದೂ ಬೇಕಾದ ಮಾತು ಬೇಕಾದವರಿಗೆ ಯಾಕೆ ಮುಟ್ಟಲ್ಲ? ಮುಟ್ಟಿಸೋಕೆ ಏನು ಮಾಡಬಹುದು? ಓದಿ, ನಾಲ್ಕು ಜನರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಹೇಳ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲೇ ಇದೆ ಪಾಠ

ದೂರ ಹೋಗೋದು ಬೇಡ. ನಮ್ಮ ಕೋಲಾರ ಜಿಲ್ಲೆ ಬಂಗಾರಪೇಟೆ ತಾಲೂಕಿನ ಬೂದಿಕೋಟೆ ಎಲ್ಲರಿಗೂ ಗೊತ್ತು. ಹೈದರಾಲಿ ಹುಟ್ಟಿದ ಊರು ಅಂತ ಶಾಲೆ ಪುಸ್ತಕದಲ್ಲಿ ಓದಿದ್ದೇವೆ. ಆದರೆ ದೇಶದ ಸಮುದಾಯ ರೇಡಿಯೋ ಇತಿಹಾಸ ಬರೆಯುವವರು ಬೂದಿಕೋಟೆ ಹೆಸರು ಬಿಟ್ಟು ಬರೆಯೋದಿಲ್ಲ ಅನ್ನೋದು ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಲ್ಲಿ 2003ರಲ್ಲಿ 'ನಮ್ಮ ಧ್ವನಿ' ಶುರುವಾಯಿತು. ವಾಯ್ಸಸ್, ಮೈರಾಡ ಎಂಬ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಕೈಜೋಡಿಸಿದ್ದವು. ಸುತ್ತಮುತ್ತಲಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಅದರ ಬೆನ್ನೆಲುಬು. ಆಗ ಹಳ್ಳಿಯವರಿಗೆ, ಸಂಘ ಸಂಸ್ಥೆಗಳಿಗೆ ರೇಡಿಯೋ ಕೇಂದ್ರ ನಡೆಸೋಕೆ ಲೈಸೆನ್ಸ್ ಕೊಡುತ್ತಿರಲಿಲ್ಲ. ಗಾಳಿಯಲ್ಲಿ ಪ್ರಸಾರ ಮಾಡಿದರೆ ಕಾನೂನು ಬಾಹಿರ. ಅದಕ್ಕೆ ಅವರು ಕೇಬಲ್ ದಾರಿ ಹಿಡಿದರು. ಊರವರೇ ಮಾಡಿದ ಕಾರ್ಯಕ್ರಮವನ್ನು ಟಿವಿ ಕೇಬಲ್ ತಂತಿ ಮೂಲಕ ಮನೆಮನೆಗೆ ಕಳಿಸಿದರು. ಕೇಬಲ್ ಇಲ್ಲದ ಕಡೆ ಸಂಘದ ಸಭೆಯಲ್ಲಿ ಕ್ಯಾಸೆಟ್ ಹಾಕಿ ಕೇಳಿಸಿದರು, ಧ್ವನಿವರ್ಧಕದಲ್ಲೂ ಕೇಳಿಸಿದರು.

ಅಲ್ಲಿ ಮಾತಾಡಿದವರು ಪಟ್ಟಣದ ಅನೌನ್ಸರ್‌ಗಳಲ್ಲ, ಊರವರೇ. ಬೆಳೆಗೆ ಬಂದ ರೋಗ, ಮಕ್ಕಳಿಗೆ ಲಸಿಕೆ, ಸಂಘದ ಸಾಲ, ನಾಟಿ ಔಷಧಿ, ಸೋಬಾನೆ ಪದ ಎಲ್ಲ ಅವರದೇ ಮಾತಿನಲ್ಲಿ. ಕುಡಿಯುವ ನೀರಿನ ಪೈಪ್ ಒಡೆದು ತೊಂದರೆಯಾದಾಗ ಹೆಣ್ಣುಮಕ್ಕಳ ದೂರನ್ನು ರೆಕಾರ್ಡ್ ಮಾಡಿ ಊರಿಗೆಲ್ಲ ಕೇಳಿಸಿದರು, ಆಮೇಲೆ ದುರಸ್ತಿ ಆಯಿತು. ನಮ್ಮೂರಲ್ಲೂ ಒಡೆದಿದ್ದು ಪೈಪೇ. ಅಲ್ಲಿ ತಂತಿ ಎಳೆದು ಮಾತು ಮುಟ್ಟಿಸಿದರು. ನಮ್ಮಲ್ಲಿ ಅಂಗೈಯಲ್ಲೇ ಇಂಟರ್ನೆಟ್ ಇದ್ದೂ ಆಗಲಿಲ್ಲ.

ಗಾಳಿ ಯಾರಪ್ಪನ ಆಸ್ತಿ? ಕೋರ್ಟ್ ಹೇಳಿದ್ದು

1995ರಲ್ಲಿ ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಆ ಕೇಸಿನಲ್ಲಿ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು: ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಅವನ್ನು ಸಾರ್ವಜನಿಕರ ಒಳಿತಿಗೆ ಬಳಸಬೇಕು. ಸಮುದಾಯ ರೇಡಿಯೋ ಬೇಕು ಅಂತ ಕೇಳುತ್ತಿದ್ದವರಿಗೆ ಇದೇ ಬಲ ಆಯಿತು.

2002ರ ಕೊನೆಯಲ್ಲಿ ಕೇಂದ್ರ ಸರ್ಕಾರ ಮೊದಲು ವಿದ್ಯಾಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಕೇಂದ್ರ ಶುರುವಾಯಿತು. ಸಂಘ ಸಂಸ್ಥೆಗಳಿಗೂ ಬಾಗಿಲು ತೆರೆದಿದ್ದು 2006ರ ನೀತಿಯಲ್ಲಿ. ಅದಾದ ಮೇಲೆ 2008ರ ಅಕ್ಟೋಬರ್‌ನಲ್ಲಿ ಆಗಿನ ಆಂಧ್ರದ ಮೇದಕ್ ಜಿಲ್ಲೆಯಲ್ಲಿ, ಈಗಿನ ತೆಲಂಗಾಣದಲ್ಲಿ, 'ಸಂಘಂ ರೇಡಿಯೋ' ಪ್ರಸಾರ ಆರಂಭಿಸಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಬೆಂಬಲದಲ್ಲಿ ದಲಿತ ಹೆಣ್ಣುಮಕ್ಕಳು ನಡೆಸುವ ಕೇಂದ್ರ ಅದು. ಸಿರಿಧಾನ್ಯ, ಬೀಜ ಉಳಿಸೋದು, ಹೊಲದ ಕೆಲಸ, ಹಾಡು ಎಲ್ಲ ಅವರೇ ಮಾತಾಡ್ತಾರೆ, ಅವರೇ ಮೆಷಿನ್ ನಡೆಸ್ತಾರೆ. ನಮ್ಮ ರಾಜ್ಯದಲ್ಲಿ ಎಚ್.ಡಿ. ಕೋಟೆ ಕಡೆ ಸರಗೂರಿನ 'ಜನಧ್ವನಿ', ಮಂಗಳೂರಿನ 'ಸಾರಂಗ್', ತುಮಕೂರಿನ 'ರೇಡಿಯೋ ಸಿದ್ಧಾರ್ಥ' ಹೀಗೆ ಹಲವು ಕೇಂದ್ರಗಳಿವೆ.

ನಮ್ಮ ತಾಲೂಕಲ್ಲೂ ಒಂದು ಮಾಡಬಹುದಾ ಅಂತ ಕೇಳುವವರಿಗೆ ಮುಖ್ಯ ನಿಯಮಗಳು ಇಷ್ಟು:

- ಒಬ್ಬ ವ್ಯಕ್ತಿಗೆ ಕೊಡಲ್ಲ. ರಾಜಕೀಯ ಪಕ್ಷಕ್ಕೂ ಕೊಡಲ್ಲ. ಲಾಭಕ್ಕಾಗಿ ನಡೆಯದ, ಕನಿಷ್ಠ ಮೂರು ವರ್ಷ ಸೇವೆ ಮಾಡಿದ ನೋಂದಾಯಿತ ಸಂಸ್ಥೆ, ವಿದ್ಯಾಸಂಸ್ಥೆ, ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಅರ್ಜಿ ಹಾಕಬಹುದು.
- ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮಿತಿ. ಬೆಟ್ಟಗುಡ್ಡ ನೋಡಿಕೊಂಡು ಸುಮಾರು 10ರಿಂದ 15 ಕಿಲೋಮೀಟರ್ ಕೇಳಿಸುತ್ತೆ. ಒಂದು ಹೋಬಳಿಗೆ ಸಾಕು.
- ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯರು ಸೇರಿ ಮಾಡಿದ್ದೇ ಇರಬೇಕು.
- ಸ್ವಂತ ಸುದ್ದಿ ಓದುವ ಹಾಗಿಲ್ಲ. ಆಕಾಶವಾಣಿ ಸುದ್ದಿಯನ್ನು ಬದಲಾಯಿಸದೆ ಹಾಕಬಹುದು. ಆದರೆ ಹವಾಮಾನ, ಪರೀಕ್ಷೆ ದಿನಾಂಕ, ನೀರು ಬಿಡುವ ಸಮಯ, ಕರೆಂಟ್ ಕಟ್, ಆರೋಗ್ಯದ ಎಚ್ಚರಿಕೆ ಇವನ್ನು ಸುದ್ದಿ ಅಂತ ಲೆಕ್ಕ ಹಾಕಲ್ಲ, ಧಾರಾಳವಾಗಿ ಹೇಳಬಹುದು.
- ಅಂಗಡಿಯವರಿಗೆ: ಜಾಹೀರಾತಿಗೆ ಅವಕಾಶ ಇದೆ. ಗಂಟೆಗೆ 7 ನಿಮಿಷ ಇದ್ದ ಮಿತಿಯನ್ನು 2024ರಲ್ಲಿ 12 ನಿಮಿಷಕ್ಕೆ ಏರಿಸಿದ್ದಾರೆ. ಕೇಂದ್ರ ಉಳಿಯೋದು ಇಂಥ ಚಿಕ್ಕ ಚಿಕ್ಕ ಜಾಹೀರಾತಿನಿಂದಲೇ.

ರೇಡಿಯೋ ಶುರು ಮಾಡೋದು ಕಷ್ಟ ಇರಬಹುದು, ದಿನಾ ನಡೆಸೋದು ಇನ್ನೂ ಕಷ್ಟ. ಸಂಬಳ, ಕರೆಂಟ್ ಬಿಲ್, ರಿಪೇರಿ ಎಲ್ಲ ಇರುತ್ತೆ. ಹೊರಗಿನ ಸಂಸ್ಥೆಯ ದುಡ್ಡು ನಂಬಿಕೊಂಡು ಹೊರಟರೆ ಆ ದುಡ್ಡು ನಿಂತ ದಿನ ಮೈಕೂ ನಿಲ್ಲುತ್ತೆ. ಊರೇ ಹೊಣೆ ಹೊರಬೇಕು.

ಹೇಳಿದರೆ ಸಾಲದು, ಕೂತು ಮಾತಾಡಬೇಕು

ಇದು ಹೊಸ ವಿಷಯ ಏನಲ್ಲ. 1956ರಲ್ಲಿ ಪುಣೆ ಸುತ್ತಿನ ಸುಮಾರು 150 ಹಳ್ಳಿಗಳಲ್ಲಿ ಆಕಾಶವಾಣಿ ಮತ್ತು ಯುನೆಸ್ಕೋ ಸೇರಿ ಒಂದು ಪ್ರಯೋಗ ಮಾಡಿದವು. ಪ್ರತಿ ಹಳ್ಳಿಯಲ್ಲಿ ಒಂದು ಗುಂಪು ರೇಡಿಯೋ ಮುಂದೆ ಕೂರೋದು, ಕೃಷಿ, ಆರೋಗ್ಯದ ಕಾರ್ಯಕ್ರಮ ಕೇಳೋದು, ಮುಗಿದ ಮೇಲೆ ಚರ್ಚೆ ಮಾಡೋದು, ನಮ್ಮೂರಲ್ಲಿ ಏನು ಮಾಡೋಣ ಅಂತ ತೀರ್ಮಾನಿಸೋದು, ಪ್ರಶ್ನೆ ಇದ್ದರೆ ರೇಡಿಯೋದವರಿಗೆ ಬರೆದು ಕಳಿಸೋದು. ಕೇಳಿ, ಚರ್ಚಿಸಿ, ಮಾಡಿ ಅನ್ನೋದೇ ಅದರ ಸೂತ್ರ. ಆಮೇಲೆ ಸಮೀಕ್ಷೆ ಮಾಡಿ ಈ ಹಳ್ಳಿಗಳನ್ನು ಗುಂಪು ಇಲ್ಲದ ಹಳ್ಳಿಗಳ ಜೊತೆ ಹೋಲಿಸಿದರು. ಗುಂಪು ಇದ್ದ ಕಡೆ ಜನರ ತಿಳಿವಳಿಕೆ ಚೆನ್ನಾಗಿ ಹೆಚ್ಚಿತ್ತು.

ಐವತ್ತು ವರ್ಷ ಆದ ಮೇಲೆ 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ 'ಡಿಜಿಟಲ್ ಗ್ರೀನ್' ಅನ್ನುವ ಕೆಲಸ ಶುರುವಾಯಿತು. ಕರ್ನಾಟಕದ ಹಳ್ಳಿಗಳಲ್ಲಿ ರೈತರ ವಿಡಿಯೋ ಮಾಡಿ ಬೇರೆ ರೈತರಿಗೆ ತೋರಿಸಿದರು. ಸುಮ್ಮನೆ ತೋರಿಸಿ ಹೋಗಲಿಲ್ಲ. ಊರಿನವರೇ ಒಬ್ಬರು ನಡುವೆ ನಿಲ್ಲಿಸಿ ಪ್ರಶ್ನೆ ಕೇಳೋದು, ಚರ್ಚೆ ಮಾಡಿಸೋದು. 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪರೀಕ್ಷೆಯಲ್ಲಿ, ಬರೀ ಮಾಮೂಲಿ ರೀತಿಯಲ್ಲಿ ಹೇಳಿಕೊಟ್ಟಿದ್ದಕ್ಕಿಂತ ಏಳು ಪಟ್ಟು ಹೆಚ್ಚು ಮಟ್ಟದಲ್ಲಿ ಕೆಲವು ಹೊಸ ಪದ್ಧತಿಗಳನ್ನು ರೈತರು ಅಳವಡಿಸಿಕೊಂಡರು ಅಂತ ಕಂಡುಬಂತು. ಕಾರಣ ಸರಳ. ತೆರೆಯ ಮೇಲೆ ಕಾಣಿಸಿದ್ದು ತಮ್ಮಂಥದೇ ರೈತ. "ಅವನು ಮಾಡಿದಾನೆ ಅಂದ್ರೆ ನಾನೂ ಮಾಡಬಹುದು" ಅನ್ನೋ ಧೈರ್ಯ ಬರುತ್ತೆ.

ಎರಡೂ ಕಡೆ ಒಂದೇ ಪಾಠ. ಮಾತು ಮುಟ್ಟಬೇಕು, ಅರ್ಥ ಆಗಬೇಕು, ತಿರುಗಿ ಕೇಳೋಕೆ ದಾರಿ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತೆ. ನಮ್ಮೂರ ನೋಟಿಸ್ ಮೂರರಲ್ಲೂ ಫೇಲ್. ಮನೆಗೆ ಮುಟ್ಟಲಿಲ್ಲ. 'ಕುಡಿಯತಕ್ಕದ್ದು' ಅನ್ನೋ ಭಾಷೆ ಮನೆಯಲ್ಲಿ ತೆಲುಗು, ಉರ್ದು, ತಮಿಳು ಮಾತಾಡುವ ನಮ್ಮ ಕಡೆಯ ಎಷ್ಟೋ ಜನಕ್ಕೆ ಹತ್ತಲ್ಲ. ಯಾವ ಬೀದಿ, ಯಾವ ಟ್ಯಾಂಕ್ ಅಂತ ಕೇಳೋಣ ಅಂದರೆ ಫೋನ್ ನಂಬರ್ ಇರಲಿಲ್ಲ.

ವಾಟ್ಸಾಪ್: ಕೈಯಲ್ಲಿ ಕೊಡಲಿ ಇದ್ದ ಹಾಗೆ

ಕೊಡಲಿಯಿಂದ ಸೌದೆ ಒಡೆಯಬಹುದು, ಕಾಲೂ ಕಡಿದುಕೊಳ್ಳಬಹುದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಹೈದರಾಬಾದ್ ಕಡೆಯಿಂದ ಬಂದಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹರಡಿತು. ಜನ ಸೇರಿ ಹೊಡೆದರು, ಒಬ್ಬ ಯುವಕನ ಪ್ರಾಣ ಹೋಯಿತು. ಅದೇ ತಿಂಗಳು ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು.

ಹಾಗಂತ ಗುಂಪು ಬೇಡ ಅನ್ನೋಕಾಗಲ್ಲ. ಶಿಸ್ತು ಬೇಕು. ನಮ್ಮ ಬೀದಿಯಲ್ಲಿ ಈಗ ನಡೆಸ್ತಿರೋ ರೀತಿ ಹೇಳ್ತೀನಿ:

1. ಹರಟೆಗೆ ಒಂದು ಗುಂಪು, ಮಾಹಿತಿಗೆ ಬೇರೆ ಗುಂಪು. ಮಾಹಿತಿ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಹಾಕುವಂತೆ ಸೆಟ್ಟಿಂಗ್. ನೀರುಗಂಟಿ ಅಣ್ಣ, ಆಶಾ ಅಕ್ಕ, ಅಂಗನವಾಡಿ ಟೀಚರ್, ಹಾಲಿನ ಡೇರಿ ಕಾರ್ಯದರ್ಶಿ ಇವರೇ ಅಡ್ಮಿನ್‌ಗಳು.
2. ಪ್ರತಿ ಮೆಸೇಜ್‌ನಲ್ಲಿ ಐದು ವಿಷಯ ಇರಲೇಬೇಕು: ಏನು, ಎಲ್ಲಿ, ಯಾವಾಗಿಂದ ಯಾವಾಗಿನವರೆಗೆ, ನಾವೇನು ಮಾಡಬೇಕು, ಯಾರನ್ನು ಕೇಳಬೇಕು. ತಾರೀಖು ಇಲ್ಲದ ಮೆಸೇಜ್ ಹಾಕಲ್ಲ. ತಾರೀಖಿಲ್ಲದ ಮೆಸೇಜೇ ಎರಡು ವರ್ಷ ಬಿಟ್ಟು ತಿರುಗಿ ಬಂದು ಗಲಾಟೆ ಮಾಡಿಸೋದು.
3. ಓದೋಕೆ ಬರದವರಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್. ಕನ್ನಡದಲ್ಲಿ ಒಂದು, ತೆಲುಗಲ್ಲಿ ಒಂದು.
4. 'ನೋಡಿದ ತಕ್ಷಣ ಎಲ್ಲರಿಗೂ ಕಳಿಸಿ' ಅಂತ ಬರೆದಿದ್ದರೆ ಕಳಿಸಲ್ಲ. ಮೊದಲು ಸಂಬಂಧಪಟ್ಟವರಿಗೆ ಫೋನ್.
5. ತಪ್ಪಾಗಿದ್ದರೆ ಸದ್ದಿಲ್ಲದೆ ಅಳಿಸಲ್ಲ. 'ಮೊದಲು ಹಾಕಿದ್ದು ತಪ್ಪು, ಸರಿಯಾದ್ದು ಇದು' ಅಂತ ಹಾಕ್ತೀವಿ.

ಇಷ್ಟಾದರೂ ಒಂದು ವಿಷಯ ಮರೀಬಾರದು. ಎಷ್ಟೋ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರೋದು ಗಂಡಸರ ಜೇಬಲ್ಲಿ. ಅವರು ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ನೀರು ಹಿಡಿಯೋದು, ಮಕ್ಕಳಿಗೆ ಕುಡಿಸೋದು ಮನೆಯಲ್ಲಿರೋ ಹೆಣ್ಣುಮಕ್ಕಳು. ಮೆಸೇಜ್ ಮೆಜೆಸ್ಟಿಕ್ ಮುಟ್ಟಿರುತ್ತೆ, ಅಡುಗೆಮನೆ ಮುಟ್ಟಿರಲ್ಲ.

ಮೊಬೈಲ್ ಇಲ್ಲದ ಮಾಧ್ಯಮಗಳು

ಹಿಂದೆ ತಮಟೆ ಹೊಡೆದು ಸಾರುತ್ತಿದ್ದರು. ಊರಿಗೆಲ್ಲ ಮುಟ್ಟುತ್ತಿತ್ತು ನಿಜ, ಆದರೆ ಆ ಕೆಲಸವನ್ನು ಜಾತಿ ನೋಡಿ ಒಂದೇ ಕೇರಿಯವರ ಮೇಲೆ ಹೊರಿಸಿದ್ದರು ಅನ್ನೋದೂ ನಿಜ. ಆ ಪದ್ಧತಿ ತಿರುಗಿ ಬೇಡ. ಅದರ ಬದಲು ದಿನಾ ಜನ ಸೇರುವ ಜಾಗ ಯಾವುದು ಅಂತ ಲೆಕ್ಕ ಹಾಕಿ.

ನಮ್ಮ ಕಡೆ ಹಾಲಿನ ಡೇರಿಗಿಂತ ದೊಡ್ಡ ಮಾಧ್ಯಮ ಇಲ್ಲ. ಬೆಳಗ್ಗೆ ಸಂಜೆ ಎರಡು ಹೊತ್ತು ಅರ್ಧ ಊರು ಕ್ಯಾನ್ ಹಿಡಿದು ನಿಂತಿರುತ್ತೆ. ಅಲ್ಲೊಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣ ಸಾಕು. ಎರಡನೇದು ಪಂಚಾಯಿತಿ ಕಸದ ಆಟೊ. ಅದರಲ್ಲಿ ಮೈಕ್ ಇದೆ, ಎಲ್ಲ ಬೀದಿಗೂ ಹೋಗುತ್ತೆ, ಹಲವು ಕಡೆ ಸಂಘದ ಹೆಣ್ಣುಮಕ್ಕಳೇ ಓಡಿಸ್ತಾರೆ. ಹಾಡಿನ ಮಧ್ಯೆ ಅರ್ಧ ನಿಮಿಷ ಊರಿನ ಮಾಹಿತಿ ಹಾಕಿದರೆ ಖರ್ಚೇನೂ ಇಲ್ಲ. ಮೂರನೇದು ನ್ಯಾಯಬೆಲೆ ಅಂಗಡಿ ಸಾಲು. ನಾಲ್ಕನೇದು ಚಿಲ್ಲರೆ ಅಂಗಡಿ, ಟೀ ಅಂಗಡಿ, ಕಟಿಂಗ್ ಶಾಪ್.

ಅಂಗಡಿಯವರಿಗೆ ಇದರಲ್ಲೇನು ಲಾಭ ಅಂತೀರಾ? ಬಜಾರ್ ರಸ್ತೆಯಲ್ಲಿ ಹಬ್ಬದ ವಾರವೇ ಚರಂಡಿ ಅಗೆದು ವ್ಯಾಪಾರ ಹೋದ ಕಥೆ ಎಲ್ಲ ಊರಲ್ಲೂ ಇದೆ. ಕಾಮಗಾರಿ ಯಾವಾಗ ಅಂತ ಮೊದಲೇ ಗೊತ್ತಿದ್ದರೆ ಹತ್ತು ಅಂಗಡಿಯವರು ಸೇರಿ ಒಂದು ವಾರ ಮುಂದಕ್ಕೆ ಹಾಕಿ ಅಂತ ಕೇಳಬಹುದಿತ್ತು. ಗೊತ್ತಾಗಿದ್ದು ಜೆಸಿಬಿ ಬಂದಾಗ. ಊರಿನ ಮಾಹಿತಿ ಸಿಗುವ ಅಂಗಡಿಗೆ ಜನ ಬಂದೇ ಬರ್ತಾರೆ, ಬಂದವರು ಬರೀ ಬೋರ್ಡ್ ಓದಿ ಹೋಗಲ್ಲ.

ನಮ್ಮ ಮಾತು ಮೇಲಕ್ಕೆ ಹೋಗೋದು ಹೇಗೆ?

ಮೇಲಿಂದ ಕೆಳಕ್ಕೆ ಹೇಳೋದು ಅರ್ಧ ಕೆಲಸ. ನಮ್ಮ ದೂರು ಮೇಲಕ್ಕೆ ಹೋಗೋದು ಇನ್ನರ್ಧ.

ಮೊದಲನೇದು ಗ್ರಾಮಸಭೆ. ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಂದು ಸಲವಾದರೂ ನಡೆಯಬೇಕು. ಅಲ್ಲಿ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೆದು ಕೊಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದಿದ್ದನ್ನು ಓದಿ ಹೇಳಿ ಅಂತ ಅಲ್ಲೇ ಕೇಳಿ.

ಎರಡನೇದು ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು ಅನ್ನೋ ನಿಯಮ ಇದೆ. ಇದು ಗೊತ್ತಿಲ್ಲದೆ ಊರ ಕಷ್ಟವೆಲ್ಲ ಒಂದೇ ಅರ್ಜಿಯಲ್ಲಿ ಬರೆದು ತಿರಸ್ಕಾರ ಆಗೋದುಂಟು. 'ಪೈಪ್ ಯಾಕೆ ರಿಪೇರಿ ಮಾಡಿಲ್ಲ' ಅಂತ ಕೇಳಬೇಡಿ. 'ಇಂಥ ಬೀದಿ ಪೈಪ್ ದುರಸ್ತಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಮಾಡಿದ ಖರ್ಚಿನ ಬಿಲ್ ಪ್ರತಿ ಕೊಡಿ' ಅಂತ ಕೇಳಿ. ದಾಖಲೆ ಕೇಳಿದರೆ ದಾಖಲೆ ಕೊಡಲೇಬೇಕಾಗುತ್ತೆ.

ಮೂರನೇದು ಸರ್ಕಾರದ ಜನಸ್ಪಂದನ ಸಹಾಯವಾಣಿ 1902. ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ನಾಲ್ಕನೇದು ನಮ್ಮಂಥ ಸುದ್ದಿಯವರು. ಇಲ್ಲಿ ಒಂದು ಮಾತು ಬಿಚ್ಚಿ ಹೇಳ್ತೀನಿ. "ಸಾರ್ ನಮ್ಮೂರಲ್ಲಿ ನೀರಿಲ್ಲ, ಹಾಕಿ ಸಾರ್" ಅಂತ ಒಂದು ಫೋಟೋ ಬಂದರೆ ನಾವು ಬರೆಯೋಕಾಗಲ್ಲ. ಬೇಕಾಗಿರೋದು: ಯಾವ ಬೀದಿ, ಎಷ್ಟು ಮನೆ, ಯಾವ ತಾರೀಖಿಂದ, ಕೊಟ್ಟ ದೂರಿನ ಪ್ರತಿ, ಅಧಿಕಾರಿ ಹೇಳಿದ್ದೇನು, ಹೆಸರು ಹಾಕಿ ಮಾತಾಡೋಕೆ ಒಪ್ಪುವ ಇಬ್ಬರು. ಇಷ್ಟಿದ್ದರೆ ಅರ್ಧ ಗಂಟೆಯಲ್ಲಿ ಸುದ್ದಿ ಆಗುತ್ತೆ, ಅಧಿಕಾರಿಗಳಿಗೂ ಅಲ್ಲಗಳೆಯೋಕೆ ಆಗಲ್ಲ. ಸುದ್ದಿ ಹಾಕೋಕೆ ದುಡ್ಡು ಕೇಳುವವರಿಗೆ ಕೊಡಬೇಡಿ. ದುಡ್ಡು ತಗೊಂಡು ಹಾಕೋನು ನಾಳೆ ದುಡ್ಡು ತಗೊಂಡು ತೆಗೀತಾನೆ.

ಇನ್ನೊಂದು ಎಚ್ಚರ. ಕಾಯಿಲೆ ಬಿದ್ದವರ, ಮಕ್ಕಳ, ಜಗಳ ಆದ ಹೆಣ್ಣುಮಕ್ಕಳ ಮುಖ ಕಾಣುವ ಫೋಟೋ ಗುಂಪಿಗೆ ಹಾಕಬೇಡಿ. ಸಮಸ್ಯೆ ವಾರದಲ್ಲಿ ಬಗೆಹರಿಯಬಹುದು, ಫೋಟೋ ವರ್ಷಗಟ್ಟಲೆ ಸುತ್ತುತ್ತೆ.

ಈ ವರ್ಷ ಏನಾಯಿತು

ಹೋದ ತಿಂಗಳು ನಮ್ಮೂರ ಟ್ಯಾಂಕ್ ತೊಳೆದು ಔಷಧಿ ಹಾಕಿದರು. ಒಂದು ದಿನ ನೀರು ಕುಡಿಯಬಾರದು. ನೀರುಗಂಟಿ ಅಣ್ಣ ಹಿಂದಿನ ದಿನ ಸಂಜೆಯೇ ಡೇರಿ ಹಲಗೆ ಮೇಲೆ ಬರೆಸಿದರು. ಗುಂಪಿಗೆ ಕನ್ನಡ, ತೆಲುಗು ಎರಡರಲ್ಲೂ ವಾಯ್ಸ್ ಬಂತು. ಬೆಳಗ್ಗೆ ಕಸದ ಆಟೊ ಅಕ್ಕ ತಮ್ಮ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದನ್ನು ಮೈಕಿಗೆ ಹಿಡಿದು ಬೀದಿ ಬೀದಿಯಲ್ಲಿ ಕೇಳಿಸಿದರು. ಪಂಚಾಯಿತಿ ಬೋರ್ಡ್ ಮೇಲೂ ಹಾಳೆ ಇತ್ತು, ಈ ಸಲ ಕೆಳಗಡೆ ಒಂದು ಫೋನ್ ನಂಬರ್ ಸಹಿತ.

ಬೆಳಗ್ಗೆ ಏಳು ಗಂಟೆಗೆ ನಾನಿನ್ನೂ ಮಲಗಿದ್ದೆ. ಅಕ್ಕ ಫೋನ್ ಮಾಡಿದಳು. "ಲೋ, ಇವತ್ತು ನಲ್ಲಿ ನೀರು ಕುಡೀಬೇಡ, ಅಮ್ಮನಿಗೂ ಹೇಳು. ಸುದ್ದಿ ಬರೆಯೋನು ನೀನು, ನಾನು ಹೇಳಬೇಕಾ ನಿನಗೆ?" ಅಂತ ಬೈದಳು.

ಇದಕ್ಕೆಲ್ಲ ಆದ ಖರ್ಚು ಒಂದು ಡಬ್ಬಿ ಸೀಮೆಸುಣ್ಣ. ನಿಮ್ಮ ಬೀದಿಯಲ್ಲಿ ಡೇರಿ ಇದೆಯಾ, ಅಂಗಡಿ ಇದೆಯಾ, ಕಸದ ಆಟೊ ಬರುತ್ತಾ? ಈ ವಾರವೇ ಒಂದು ಹಲಗೆ ತೂಗು ಹಾಕಿ. ಮೊದಲ ಸಾಲು ನೀರು ಬಿಡುವ ಸಮಯ ಬರೆಯಿರಿ. ಮುಂದಿನದು ತಾನಾಗೇ ಬರುತ್ತೆ.